ಅವರ ಫೋನು ಇನ್ನೂ ಚಾರ್ಜಿನಲ್ಲಿತ್ತು

ಬೀದಿಯೆಲ್ಲ ಮಲಗಿದ ಹೊತ್ತು. 'ಟಿಣ್' ಎಂದು ಫೋನು ಸಣ್ಣಗೆ ಸದ್ದು ಮಾಡಿತು. ಟೈಲರಮ್ಮ ದಡಕ್ಕನೆ ಎದ್ದು ಕೂತಳು.

ಅದು ಅವಳ ಫೋನಲ್ಲ, ಗಂಡನದು. ಅವರು ತೀರಿಕೊಂಡು ವರ್ಷ ದಾಟಿದೆ. ಆದರೂ ಹೊಲಿಗೆ ಯಂತ್ರದ ಪಕ್ಕದಲ್ಲಿ ಅದನ್ನು ದಿನವೂ ಚಾರ್ಜಿಗೆ ಹಾಕುತ್ತಾಳೆ. ಆ ಸದ್ದು ಬಿಟ್ಟರೆ ರಾತ್ರಿ ಆ ಮನೆಯಲ್ಲಿ ಇನ್ನೊಂದು ದನಿ ಇಲ್ಲ. ಪೊರೆ ಬಂದ ಕಣ್ಣಿಗೆ ಅಕ್ಷರ ಮಾತ್ರ ಕಾಣಲಿಲ್ಲ.

ಬೆಳಿಗ್ಗೆ ಕೆಳಗಿನ ಮನೆಯ ನರ್ಸಕ್ಕನ ಕೈಗೆ ಫೋನು ಕೊಟ್ಟಳು. ಆಸ್ಪತ್ರೆ ಕೆಲಸದಿಂದ ನಿವೃತ್ತಳಾದ ನರ್ಸಕ್ಕ ಕನ್ನಡಕ ಏರಿಸಿ ಓದಿದಳು.

"ಬ್ಯಾಂಕಿಂದು ಕಣೆ. ನಿನ್ನ ಯಜಮಾನ್ರ ಎಟಿಎಂ ಕಾರ್ಡು ಈ ತಿಂಗಳಿಗೆ ಮುಗಿಯುತ್ತಂತೆ. ಹೊಸದಕ್ಕೆ ಅವರೇ ಬರ್ಬೇಕಂತೆ."

"ಸರಿ, ಹೋಗಿ ಕರ್ಕೊಂಡು ಬಾ."

ನರ್ಸಕ್ಕ ನಗಲಿಲ್ಲ. "ಇಷ್ಟು ದಿನ ಅವರ ಕಾರ್ಡಲ್ಲೇ ದುಡ್ಡು ತೆಗೀತಿದ್ಯಾ? ಬ್ಯಾಂಕಿಗೆ ಹೇಳೇ ಇಲ್ವಾ?"

"ಹೇಳಿದ್ರೆ ಅವರ ಹೆಸರು ಹೊಡೆದು ಹಾಕ್ತಾರೆ. ಯಾಕೆ ಬೇಕಕ್ಕ?"

"ನಿನ್ನ ಕಣ್ಣಿನ ಆಪರೇಷನ್ ದುಡ್ಡೆಲ್ಲಿದೆ?"

"ಅದ್ರಲ್ಲೇ."

"ಕಾರ್ಡು ಮುಗಿದ್ಮೇಲೆ ಆ ದುಡ್ಡನ್ನ ಕನಸಲ್ಲಿ ತೆಗೀತೀಯಾ? ಸೂಜಿಗೆ ದಾರ ಹಾಕೋಕೂ ನನ್ನ ಕೂಗ್ತೀಯ! ಹೋದವರ ಕಾರ್ಡು ಬಳಸೋದು ತಪ್ಪು. ಮರಣ ಪತ್ರ ತಗೊ, ನಡಿ."

ಬ್ಯಾಂಕಿನಲ್ಲಿ ನೋಡಿದರೆ ಗಂಡ ಅವಳನ್ನೇ ನಾಮಿನಿ ಮಾಡಿದ್ದರು. ಅವಳ ಹೆಸರಿನಲ್ಲಿ ಹೊಸ ಖಾತೆ ತೆರೆಯುವಾಗ ಗುಮಾಸ್ತೆ ಕೇಳಿದಳು: "ನಿಮಗೆ ನಾಮಿನಿ ಯಾರಮ್ಮ?"

ಟೈಲರಮ್ಮ ಸೆರಗಿನ ಅಂಚು ತಿರುವುತ್ತ ಕೂತಳು. "ಯಾರೂ ಇಲ್ಲ. ಅಕ್ಕನ ಹೆಸರು ಬರ್ಕೊಳ್ಳಿ."

"ಅಯ್ಯೋ, ಮೇಲಕ್ಕೆ ಹೋಗೋ ಕ್ಯೂನಲ್ಲಿ ನಿನಗಿಂತ ಮುಂದೆ ನಿಂತಿರೋಳು ನಾನು!" ಎಂದಳು ನರ್ಸಕ್ಕ. "ನಿನ್ನ ನಾದಿನಿ ಮಗಳಿದಾಳಲ್ಲ?"

"ಅವಳಿಗೆ ಅವಳ ಸಂಸಾರ. ಸುಮ್ನೆ ಭಾರ ಹೊರಿಸಿದ ಹಾಗೆ."

"ಕೇಳಿ ನೋಡು."

ಅಲ್ಲಿಂದಲೇ ಟೈಲರಮ್ಮ ಅವಳಿಗೆ ಫೋನು ಮಾಡಿ, ಆಪರೇಷನ್ ವಿಷಯವನ್ನೂ ಹೇಳಿದಳು. ಆ ಕಡೆಯಿಂದ ನಾದಿನಿ ಮಗಳು ಎಂದಳು: "ಹಾಕ್ಕೊಳ್ಳಿ ಅತ್ತೆ. ಆದ್ರೆ ಕಣ್ಣು ಕಾಣ್ತಿಲ್ಲ ಅಂತ ನಂಗ್ಯಾಕೆ ಹೇಳಲಿಲ್ಲ?"

ದಾರಿಯಲ್ಲಿ ನರ್ಸಕ್ಕ ಎಂದಳು: "ಉಯಿಲೂ ಬರೆದಿಡು. ಇಬ್ಬರು ಸಾಕ್ಷಿ ಇರ್ಲಿ. ನಾಮಿನಿ ಅಂದ್ರೆ ದುಡ್ಡು ಕೈಗೆ ತಗೊಳ್ಳೋರು ಅಷ್ಟೇ. ಯಾರಿಗೆ ಸೇರ್ಬೇಕು ಅನ್ನೋದು ನಿನ್ನ ಮಾತು."

ಆಪರೇಷನ್ ಆಯಿತು. ಟೈಲರಮ್ಮ ಈಗ ಸೂಜಿಗೆ ತಾನೇ ದಾರ ಪೋಣಿಸುತ್ತಾಳೆ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಖಾತೆ ಯಾರ ಹೆಸರಿನಲ್ಲಿದೆ? ಸಂದೇಶ ಯಾರ ಫೋನಿಗೆ ಬರುತ್ತದೆ? ನಿಮ್ಮ ನಾಮಿನಿ ಬದುಕಿದ್ದಾರೆಯೇ? ಈ ವಾರವೇ ನೋಡಿ. ಕಾಗದಪತ್ರ ಎಲ್ಲಿಟ್ಟಿದ್ದೀರೆಂದು ನಂಬಿಕೆಯ ಒಬ್ಬರಿಗಾದರೂ ಹೇಳಿ. ಹೇಳದೆ ಉಳಿಸಿಕೊಳ್ಳುವ ಮಾತುಗಳು ಬೇರೆಯೇ ಇರುತ್ತವೆ.

ಗಂಡನ ಫೋನನ್ನು ಚಾರ್ಜಿನಿಂದ ತೆಗೆದು ಆಫ್ ಮಾಡಿದ ರಾತ್ರಿ ಟೈಲರಮ್ಮ ತನ್ನ ಫೋನಿನಿಂದ ಅವರ ನಂಬರು ಒತ್ತಿದಳು. ಸ್ವಿಚ್ ಆಫ್ ಆಗಿದೆ ಎಂದಿತು ಯಂತ್ರದ ದನಿ. "ಕಣ್ಣು ಚೆನ್ನಾಗಿ ಕಾಣ್ತಿದೆ ರೀ," ಎಂದು ಹೇಳಿ ಇಟ್ಟಳು.

ಬೆಳಿಗ್ಗೆ ನರ್ಸಕ್ಕ, "ನಿದ್ದೆ ಬಂತೇನೇ?" ಎಂದಳು.

"ಬಂತಕ್ಕ," ಎಂದಳು. ರಾತ್ರಿ ಮಾಡಿದ ಆ ಕರೆಯೊಂದನ್ನು ಯಾರಿಗೂ ಹೇಳುವುದಿಲ್ಲವೆಂದು ಅವಳು ಆಗಲೇ ನಿರ್ಧರಿಸಿದ್ದಳು.