ಹೊಲಿಗೆ ಮೇಜಿನ ಶಾಲೆ

ತಂಗಿಯ ಇಬ್ಬರು ಮಕ್ಕಳು ಆ ಮನೆಗೆ ಬಂದಾಗ ಶಾಲೆಯ ವರ್ಷ ಅರ್ಧ ಕಳೆದಿತ್ತು. ತಂಗಿಗೆ ಶ್ವಾಸಕೋಶದ ಕಾಯಿಲೆ, ಅದೂ ಅಂಟುವಂಥದ್ದು. ದೂರದ ಆಸ್ಪತ್ರೆಗೆ ಸೇರಿಸಿದ್ದರು. ಅವಳ ಗಂಡ ಅಲ್ಲೇ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಬಿಡುವಾದಾಗಲೆಲ್ಲ ಕಿಟಕಿಯಾಚೆಯಿಂದ ಅವಳ ಮುಖ ನೋಡಿಕೊಂಡು ಬರುತ್ತಿದ್ದ. ಮಕ್ಕಳನ್ನು ಇಟ್ಟುಕೊಳ್ಳಲು ಇದ್ದವಳು ಅವಳ ಅಕ್ಕ ಒಬ್ಬಳೇ. ಮಕ್ಕಳ ಬಾಯಲ್ಲಿ ಅವಳು ದೊಡ್ಡಮ್ಮ.

ದೊಡ್ಡಮ್ಮ ಮನೆಯಲ್ಲೇ ಕೂತು ಕಿಟಕಿ ಬಾಗಿಲುಗಳ ಪರದೆ ಹೊಲಿಯುತ್ತಿದ್ದಳು. ಗಂಡ ಸಿಟಿ ಬಸ್ಸಿನ ಡ್ರೈವರು. ಮದುವೆಯಾಗಿ ಬಹಳ ವರ್ಷವಾಗಿದ್ದರೂ ಮಕ್ಕಳಾಗಿರಲಿಲ್ಲ. ಆ ಮಾತೆತ್ತುವುದನ್ನು ಇಬ್ಬರೂ ಯಾವಾಗಲೋ ಬಿಟ್ಟಿದ್ದರು.

ಹತ್ತಿರದ ಶಾಲೆಯವರು, "ಈಗ ಜಾಗ ಇಲ್ಲಮ್ಮ, ಹೊಸ ವರ್ಷಕ್ಕೆ ಬನ್ನಿ," ಎಂದು ವಾಪಸು ಕಳಿಸಿದರು. ಎಂಟು ವರ್ಷದ ಹುಡುಗಿಗೆ ಅಲ್ಲಿಯವರೆಗೆ ಕಲಿತದ್ದೆಲ್ಲ ಮರೆತುಹೋಗುವ ಭಯ. ಐದು ವರ್ಷದ ಅವಳ ತಮ್ಮ ಗುಂಡನಿಗೆ ಅಕ್ಷರವೇ ಗೊತ್ತಿರಲಿಲ್ಲ. ಇಬ್ಬರೂ ದಿನವಿಡೀ ಬಾಗಿಲ ಮೆಟ್ಟಿಲ ಮೇಲೆ ಕೂತು ರಸ್ತೆ ನೋಡುವುದನ್ನು ದೊಡ್ಡಮ್ಮನಿಗೆ ನೋಡಲಾಗಲಿಲ್ಲ. ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಅರ್ಧ ಭಾಗ ಖಾಲಿ ಮಾಡಿ, "ನಾಳೆಯಿಂದ ಇದೇ ಶಾಲೆ," ಎಂದಳು.

ಮೊದಮೊದಲು ಅವಳು ನಿಜವಾದ ಶಾಲೆಯಂತೆಯೇ ನಡೆಸಲು ಹೋದಳು. ಅಲಾರಂ ಗಡಿಯಾರವೇ ಗಂಟೆ. ಒಂದಾದ ಮೇಲೊಂದು ಪೀರಿಯಡ್ಡು. ಮಧ್ಯಾಹ್ನದ ಊಟಕ್ಕೆ ಬಂದ ಗಂಡ ಬಗ್ಗಿ ನೋಡಿ, "ಹೆಡ್ಮಿಸ್ಸು, ನಿಮ್ಮ ಶಾಲೇಲಿ ಒಬ್ಬ ಮೇಜಿನ ಕೆಳಗೆ ಗೊರಕೆ ಹೊಡೀತಿದಾನೆ. ಟಿ.ಸಿ. ಕೊಟ್ಟು ಕಳಿಸ್ತೀರೋ ಹೇಗೆ?" ಎಂದ. ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಆ ಮನೆಗೆ ಬಂದಮೇಲೆ ಅವಳು ನಕ್ಕದ್ದು ಅದೇ ಮೊದಲು.

ದೊಡ್ಡಮ್ಮ ಗಡಿಯಾರವನ್ನು ಕಪಾಟಿನೊಳಗೆ ಇಟ್ಟಳು. ಕ್ರಮೇಣ ಮಕ್ಕಳೇ ಅವಳಿಗೆ ಶಾಲೆ ನಡೆಸುವುದನ್ನು ಕಲಿಸಿದರು. ಗುಂಡನ ತಲೆ ಬೆಳಿಗ್ಗೆ ಮಾತ್ರ ಚುರುಕು, ಹಾಗಾಗಿ ತಿಂಡಿಯಾದ ಕೂಡಲೇ ಅವನ ಅಕ್ಷರ. ಆಗ ಹುಡುಗಿಗೆ ಕಾಪಿ ಬರೆಯುವ ಕೆಲಸ. ಅವನು ದಾರದ ಖಾಲಿ ರೀಲುಗಳನ್ನು ಸಾಲಾಗಿ ಇಟ್ಟು ಎಣಿಸಲು ಕೂತಾಗ ಹುಡುಗಿಯ ಲೆಕ್ಕ. ಟೇಪು ಹಿಡಿದು ಬಟ್ಟೆಯ ಅಗಲ ಅಳೆಯುವುದು, ನಾಲ್ಕು ಕಿಟಕಿಗೆ ಎಷ್ಟು ಬೇಕೆಂದು ಗುಣಿಸುವುದು, ಎಲ್ಲವೂ ಪಾಠವೇ. ಮಧ್ಯಾಹ್ನ ದೊಡ್ಡಮ್ಮ ಮಷೀನು ತುಳಿಯುತ್ತಿದ್ದರೆ ಹುಡುಗಿ ಗಟ್ಟಿಯಾಗಿ ಕಥೆ ಓದುತ್ತಿದ್ದಳು. ತಪ್ಪಿದಾಗ ಮಷೀನು ನಿಲ್ಲುತ್ತಿತ್ತು. ಅಷ್ಟರಿಂದಲೇ ಹುಡುಗಿ ತಿಳಿದುಕೊಂಡು ಆ ಸಾಲನ್ನು ಮತ್ತೆ ಓದುತ್ತಿದ್ದಳು.

ಗುರುತು ಹಾಕುವ ಸೀಮೆಸುಣ್ಣದಲ್ಲಿ ಕಪ್ಪು ಬಟ್ಟೆಯ ತುಂಡಿನ ಮೇಲೆ ಬರೆದು ಗುಂಡ ಅಕ್ಷರ ಕಲಿತ. ಒಂದು ದಿನ 'ಷ' ಬರೆಯುತ್ತ, "ಇದರ ಹೊಟ್ಟೆಗೆ ಯಾಕೆ ಗೀಟು?" ಎಂದು ಕೇಳಿದ.

"ಆಪರೇಷನ್ ಆಗಿದೆ ಅದಕ್ಕೆ," ಎಂದಳು ದೊಡ್ಡಮ್ಮ ತಮಾಷೆಗೆ.

ಗುಂಡ ನಗಲಿಲ್ಲ. ಬೆರಳಿನಿಂದ ಆ ಗೀಟನ್ನು ಒರೆಸಿ, "ಅಮ್ಮಂಗೂ ಹಿಂಗೇ ಗೀಟು ಹಾಕಿದಾರಾ?" ಎಂದ.

ದೊಡ್ಡಮ್ಮ ಅವನನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡಳು. ಅಂದಿನಿಂದ ಅವನು ಪಾಠಕ್ಕೆ ಅಲ್ಲೇ ಕೂರುವುದು ರೂಢಿಯಾಯಿತು. ರಾತ್ರಿ ಕನಸಿನಲ್ಲಿ ಬೆಚ್ಚಿದಾಗಲೂ ಅವನು ಹುಡುಕುತ್ತಿದ್ದದ್ದು ಅವಳ ಸೆರಗನ್ನೇ. ಅಂಗಡಿಗಳಿಗೆ ಪರದೆ ಕೊಡುವುದು ತಡವಾಗತೊಡಗಿತು. ಅಂಗಡಿಯವರು ಗೊಣಗಿದರು. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಗಂಡ ಮಾತ್ರ ಒಂದು ಸಂಜೆ ಮೆಲ್ಲಗೆ, "ಜಾಸ್ತಿ ಹಚ್ಕೋಬೇಡ. ಅವು ವಾಪಸು ಹೋಗೋ ಮಕ್ಕಳು," ಎಂದ.

"ಗೊತ್ತು," ಎಂದಳು. ಗೊತ್ತಿದ್ದದ್ದು ತಲೆಗೆ ಮಾತ್ರ.

ತಂಗಿ ಬದುಕುವುದೇ ಕಷ್ಟ ಎಂದು ಒಂದು ಸಲ ಸುದ್ದಿ ಬಂದಿತ್ತು. ಆಮೇಲೆ ಔಷಧ ಹಿಡಿಯಿತು. ಬೇಸಿಗೆ ಶುರುವಾಗುವ ಹೊತ್ತಿಗೆ, ಇನ್ನು ಭಯವಿಲ್ಲವೆಂದು ವೈದ್ಯರು ಅವಳನ್ನು ಬಿಡುಗಡೆ ಮಾಡಿದರು. ಒಂದು ಬೆಳಿಗ್ಗೆ ಅವಳು ಅಕ್ಕನ ಬಾಗಿಲಲ್ಲಿ ನಿಂತಿದ್ದಳು. ಅರ್ಧದಷ್ಟಾಗಿದ್ದಳು. ಕೈಯೆತ್ತಿದರೆ ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ಹುಡುಗಿ ಓಡಿಹೋಗಿ ಅವಳ ಸೊಂಟ ತಬ್ಬಿಕೊಂಡಳು. ಗುಂಡ ಮಷೀನಿನ ಹಿಂದೆ ಅಡಗಿ ಇಣುಕಿದ.

"ಬಾರೋ ಬಂಗಾರ," ಎಂದು ತಂಗಿ ಕೈ ಚಾಚಿದಳು. ಅವನು ಓಡಲು ಹೋಗಿ, ಕಾಲಿಗೆ ಪರದೆಯ ಬಟ್ಟೆ ತೊಡರಿ ದಡಕ್ಕನೆ ಬಿದ್ದ. ಬಿದ್ದವನು, "ಅಮ್ಮಾ," ಎಂದು ಅಳುತ್ತ ಎದ್ದು ಬಂದು ದೊಡ್ಡಮ್ಮನ ಕಾಲು ಹಿಡಿದುಕೊಂಡ.

ತಂಗಿಯ ಚಾಚಿದ ಕೈ ಹಾಗೇ ಇತ್ತು.

ಸಂಜೆ ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ತಂಗಿ, "ಅಕ್ಕಾ, ನಾನು ವಾಪಸು ಬರಲೇಬಾರದಿತ್ತೇನೋ," ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ಅಕ್ಕನಿಗೆ ಸುಲಭವಾಗುತ್ತಿತ್ತು.

"ಹುಚ್ಚುಹುಚ್ಚಾಗಿ ಮಾತಾಡ್ಬೇಡ. ನೀನು ಪೂರ್ತಿ ಸುಧಾರಿಸ್ಕೊಳ್ಳೋವರೆಗೂ ಇಲ್ಲೇ ಇರು. ನಾಳೆಯಿಂದ ಮಕ್ಕಳ ಪಾಠ ನೀನೇ ಮಾಡು."

"ನಂಗೇನು ಬರುತ್ತೆ ಅಕ್ಕಾ?"

"ನಂಗೇನು ಬರ್ತಿತ್ತು?"

ಮರುದಿನ ತಿಂಡಿಯಾದ ಮೇಲೆ ದೊಡ್ಡಮ್ಮ ಕುರ್ಚಿಯನ್ನು ತಂಗಿಯ ಕಡೆ ಸರಿಸಿದಳು. ಗುಂಡನಿಗೆ ಬೆಳಿಗ್ಗೆಯೇ ಹೇಳಿಕೊಡಬೇಕು, ಅವನು ಕಾಲು ಅಲ್ಲಾಡಿಸತೊಡಗಿದರೆ ನಿಲ್ಲಿಸಬೇಕು, ಹುಡುಗಿ ತಪ್ಪಿದಾಗ ತಕ್ಷಣ ತಿದ್ದಬಾರದು, ಕಾಯಬೇಕು ಎಂದು ಒಂದೊಂದಾಗಿ ತಿಳಿಸಿದಳು. ಆಮೇಲೆ ಮಷೀನಿಗೆ ಹೋಗಿ ಬೆನ್ನು ತಿರುಗಿಸಿ ಕೂತಳು.

"ಅವಳಿಗೆ ಬರಲ್ಲ. ನೀನೇ ಬಾ," ಎಂದು ಗುಂಡ ಕೂಗಿದ.

ದೊಡ್ಡಮ್ಮ ಪೆಡಲನ್ನು ಜೋರಾಗಿ ತುಳಿದಳು. ಕೇಳಿಸಲಿಲ್ಲವೆಂದು ಅವನು ಅಂದುಕೊಳ್ಳಲಿ ಎಂದು ದಾರವಿಲ್ಲದ ಸೂಜಿಯನ್ನೇ ಓಡಿಸಿದಳು.

ಅವನು ಪುಸ್ತಕ ಎತ್ತಿಕೊಂಡು ಅವಳ ಬಳಿಗೇ ಬಂದ. ಒಂದು ಒತ್ತಕ್ಷರದ ಮೇಲೆ ಬೆರಳಿಟ್ಟು, "ಇದೇನು?" ಎಂದ. ಹಿಂದಿನ ವಾರ ಅವಳೇ ಹೇಳಿಕೊಟ್ಟ ಪದ.

"ನಂಗೆ ಮರೆತುಹೋಯ್ತು ಕಣೋ. ನಿಮ್ಮಮ್ಮನ್ನ ಕೇಳು. ಅವಳಿಗೆ ನನಗಿಂತ ಚೆನ್ನಾಗಿ ಗೊತ್ತು."

"ಸುಳ್ಳು. ನಿಂಗೆ ಗೊತ್ತು."

"ಗೊತ್ತಿಲ್ಲ ಹೋಗು. ನಂಗೆ ಕೆಲಸ ಇದೆ."

ಅವಳು ಅವನೊಂದಿಗೆ ಹಾಗೆ ಮಾತಾಡಿದ್ದೇ ಇಲ್ಲ. ಗುಂಡ ಪುಸ್ತಕವನ್ನು ನೆಲಕ್ಕೆ ಬಿಟ್ಟು ಮೆಟ್ಟಿಲ ಮೇಲೆ ಹೋಗಿ ಕೂತ. ಊಟಕ್ಕೆ ಕರೆದರೂ ಬರಲಿಲ್ಲ. ದೊಡ್ಡಮ್ಮ ಏಳಲು ಹೋದಾಗ ಹುಡುಗಿ ಹತ್ತಿರ ಬಂದು ಪಿಸುಗುಟ್ಟಿದಳು: "ದೊಡ್ಡಮ್ಮ, ನೀನು ಹೋಗ್ಬೇಡ. ಅಮ್ಮ ಹೋಗ್ಲಿ." ಎಂಟು ವರ್ಷದ ಮಗುವಿಗೆ ಎಲ್ಲವೂ ಅರ್ಥವಾಗಿತ್ತು. ದೊಡ್ಡಮ್ಮ ಮತ್ತೆ ಕೂತಳು.

ತಂಗಿ ಹೋಗಿ ಮೆಟ್ಟಿಲ ಮೇಲೆ ಅವನ ಪಕ್ಕ ಸ್ವಲ್ಪ ಬಿಟ್ಟು ಕೂತಳು. ಎದುರಿನ ಕ್ಷೌರದಂಗಡಿಯ ಬೋರ್ಡು ತೋರಿಸಿ, "ಅಲ್ಲೇನು ಬರೆದಿದಾರೆ? ಕನ್ನಡಕ ಆಸ್ಪತ್ರೇಲೇ ಬಿಟ್ಟು ಬಂದೆ, ಕಾಣಿಸ್ತಿಲ್ಲ," ಎಂದಳು. ಗುಂಡ ಮುನಿಸಿನಲ್ಲೇ ಒಂದೊಂದು ಅಕ್ಷರ ಕೂಡಿಸಿ ಓದಿದ. ತಂಗಿ ತಪ್ಪು ತಿದ್ದಲಿಲ್ಲ, ಕಾದಳು. ಅವನೇ ತಿದ್ದಿಕೊಂಡ.

ಆಮೇಲೆ ದಿನಕ್ಕಿಷ್ಟು ದಿನಕ್ಕಿಷ್ಟು ಎಂದು ಅವನು ತಾಯಿಯ ಹತ್ತಿರ ಸರಿದ. ಮೊದಲು ಪಕ್ಕದ ಸ್ಟೂಲು, ಆಮೇಲೆ ತಾಯಿಯ ತೊಡೆ. ಪಾಠದ ಹೊತ್ತಿಗೆ ದೊಡ್ಡಮ್ಮ ಒಳಕೋಣೆಯಲ್ಲಿ ಪರದೆ ಮಡಿಸುವ ಕೆಲಸ ಹುಡುಕಿಕೊಳ್ಳುತ್ತಿದ್ದಳು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದ ದಿನಗಳೂ ಇದ್ದವು. ಗೋಡೆಯಾಚೆಯಿಂದ ಗುಂಡನ ನಗು ಕೇಳಿದಾಗ ಅವಳಿಗೆ ಸಮಾಧಾನವೂ ಆಗುತ್ತಿತ್ತು. ಮಡಿಸಿದ ಪರದೆಗಳ ಲೆಕ್ಕವೂ ತಪ್ಪುತ್ತಿತ್ತು.

ಹೊಸ ವರ್ಷದ ಶಾಲೆ ತೆರೆಯುವ ಮುಂಚೆ ಅವರ ಅಪ್ಪ ಬಂದು ಮೂವರನ್ನೂ ಕರೆದುಕೊಂಡು ಹೊರಟ. ಬಸ್ಸು ಹತ್ತುವಾಗ ಹುಡುಗಿ ದೊಡ್ಡಮ್ಮನನ್ನು ಬಿಗಿಯಾಗಿ ಅಪ್ಪಿಕೊಂಡು ಒಳಗೆ ಹೋದಳು. ಗುಂಡ ಕಿಟಕಿಯ ಪಕ್ಕ ಕೂತು, ನಿಲ್ದಾಣದ ಗೋಡೆಯ ಮೇಲಿದ್ದುದನ್ನೆಲ್ಲ ತಾಯಿಗೆ ಓದಿ ಹೇಳುವುದರಲ್ಲಿ ಮುಳುಗಿದ್ದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಅವನು ಹಿಂದಿರುಗಿ ನೋಡಲಿಲ್ಲ. ತಾನು ಬಯಸಿದ್ದೂ ಇದನ್ನೇ ಎಂದು ದೊಡ್ಡಮ್ಮ ತನಗೆ ತಾನೇ ಹೇಳಿಕೊಂಡಳು.

ಗಂಡ ಆ ದಿನ ರಜೆ ಹಾಕಿದ್ದ. ಮನೆಗೆ ಮರಳುವ ದಾರಿಯುದ್ದಕ್ಕೂ ಒಂದು ಜೋಕೂ ಹೇಳಲಿಲ್ಲ.

ಶಾಲೆ ಶುರುವಾದ ಕೆಲವು ದಿನಗಳಿಗೆ ತಂಗಿ ಫೋನು ಮಾಡಿದಳು. ಮಕ್ಕಳು ಚೆನ್ನಾಗಿ ಹೊಂದಿಕೊಂಡಿದ್ದಾರೆ, ಹುಡುಗಿ ಲೆಕ್ಕದಲ್ಲಿ ಎಲ್ಲರಿಗಿಂತ ಮುಂದೆ, "ಎಲ್ಲಾ ನಿನ್ನಿಂದ ಅಕ್ಕಾ," ಎಂದು ಹೇಳಿ ಫೋನನ್ನು ಗುಂಡನಿಗೆ ಕೊಟ್ಟಳು. ಆ ಕಡೆ ತಾಯಿ ಏನೋ ಹೇಳಿಕೊಡುವುದು ಸಣ್ಣಗೆ ಕೇಳಿಸಿತು.

"ದೊಡ್ಡಮ್ಮ, ನೀವು ಹೇಗಿದ್ದೀರಾ? ನಿಮ್ಮದು ಊಟ ಆಯ್ತಾ?"

ದೊಡ್ಡವರಿಗೆ ಬಹುವಚನ ಹಾಕಬೇಕೆಂದು ತಂಗಿ ಮಗನಿಗೆ ಕಲಿಸಿದ್ದಳು. ಒಳ್ಳೆಯ ತಾಯಂದಿರು ಕಲಿಸುವುದೇ ಹಾಗೆ. ದೊಡ್ಡಮ್ಮ ಕತ್ತರಿಯನ್ನು ಕೆಳಗಿಟ್ಟು ಕೂತಳು.

"ಆಯ್ತಪ್ಪ," ಎಂದಳು. "ನಿಂದು?"