ಏಳು ಗಂಟೆಯ ತನಕ ನೀರಿಲ್ಲ

ಹರಿಣಾಕ್ಷಿಗೂ ಕಡಲಿಗೂ ಇದ್ದ ಸಂಬಂಧ ಇಷ್ಟೇ: ಅವಳ ಅಪ್ಪ ಮಹಾಲಿಂಗ ಕುಂದಾಪುರದ ಕಡೆಯಿಂದ ಪುಣೆಗೆ ಬಂದು ಶಿವಾಜಿನಗರದಲ್ಲಿ ಹೋಟೆಲು ಹಾಕಿದ್ದ. ಅವಳು ಹುಟ್ಟಿದ್ದು ಪುಣೆಯಲ್ಲಿ, ಬೆಳೆದದ್ದು ಇಡ್ಲಿ ಹಿಟ್ಟಿನ ಗ್ರೈಂಡರಿನ ಸದ್ದಿನಲ್ಲಿ. ಈಜು ಬಾರದು. ಆದರೆ ಪುಣೆಯದೇ ಧನಕವಡಿಯ ಶಿವಪ್ರಕಾಶನನ್ನು ಮೆಚ್ಚಿ ಮದುವೆಯಾದ ದಿನದಿಂದ ಅತ್ತೆ ಕಲ್ಲವ್ವನ ಬಾಯಲ್ಲಿ ಅವಳು ‘ಸಮುದ್ರದಾಕಿ’. ಸಾರಿಗೆ ಉಪ್ಪು ಒಂದು ಚಿಟಿಕೆ ಹೆಚ್ಚು ಬಿದ್ದರೆ, “ಸಮುದ್ರದಾಕಿ ನೋಡವಾ, ಉಪ್ಪಿಗೇನ ಬರ!” ಹದಿನಾರು ವರ್ಷ ಕೇಳಿ ಕೇಳಿ ಹರಿಣಾಕ್ಷಿಗೂ ತಾನು ಸಮುದ್ರದಾಕಿಯೇ ಇರಬೇಕು ಅನ್ನಿಸಿಬಿಟ್ಟಿತ್ತು. ಹೊಗಳಿಕೆಯಿರಲಿ ಬೈಗುಳವಿರಲಿ, ದಿನಾ ಬಿದ್ದರೆ ಮೈಗೆ ಹತ್ತಿಕೊಳ್ಳುತ್ತದೆ.

ಧನಕವಡಿಯಲ್ಲಿ ಬೆಳಗ್ಗೆ ವಾಕಿಂಗ್ ಹೋಗುವ ಕನ್ನಡಿಗರದೊಂದು ಗುಂಪಿದೆ. ಕೊಂಕಣದಲ್ಲಿ ನದಿ ಕಡಲು ಸೇರುವ ಒಂದು ಖಾಡಿ, ಅದರ ಸುತ್ತ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡಗಳ ರಕ್ಷಿತ ಕಾಡು, ವಯಸ್ಸಾದವರೂ ನಡೆಯಬಹುದಾದ ಮೂರು ದಾರಿ ಅಂತ ಯಾರೋ ಸುದ್ದಿ ತಂದರು. ಹೋಗೋಣ ಅಂತಾಯಿತು. ಮೂರನೆಯ ದಾರಿ ಮರಳಿನ ಮೇಲೆ ಹಾದು ಖಾಡಿಯ ನಡುವಿನ ದಿಬ್ಬಕ್ಕೆ ಹೋಗುತ್ತದೆ. ನೀರು ಇಳಿದಾಗ ಮಾತ್ರ ಹೋಗಬೇಕು. “ನೀರಿನ ಹೊತ್ತು ನಮ್ಮ ಹರಿಣಿ ನೋಡ್ತಾಳ” ಎಂದಳು ಕಲ್ಲವ್ವ ಎಲ್ಲರ ಎದುರು. ಅತ್ತೆಯ ಬಾಯಿಂದ ‘ನಮ್ಮ’ ಬಂದದ್ದು ಅದೇ ಮೊದಲು. ಹರಿಣಾಕ್ಷಿ ಉಬ್ಬಿಹೋದಳು. ಫೋನಿನಲ್ಲಿ ನೋಡಿ ಚೀಟಿ ಬರೆದಳು: ಮಧ್ಯಾಹ್ನ ಮೂರರಿಂದ ಏಳರವರೆಗೆ ದಾರಿ ಒಣಗಿರುತ್ತದೆ.

ಆಮೇಲೆ ಕಲ್ಲವ್ವ ಕ್ಯಾಲೆಂಡರ್ ತಿರುವಿ, “ಅಯ್ಯ, ಅವತ್ತ ಅಮಾಸಿ! ಅಮಾಸಿ ದಿನ ಪ್ರಯಾಣ ಬ್ಯಾಡವಾ” ಎಂದಳು. ಸರಿ, ಪ್ರಯಾಣ ಮುಂದಿನ ಭಾನುವಾರಕ್ಕೆ ಹೋಯಿತು. ಚೀಟಿ ಮಾತ್ರ ಹಾಗೇ ಪರ್ಸಿನಲ್ಲಿ ಉಳಿಯಿತು. ಭರತಿಯ, ಅಂದರೆ ನೀರು ಏರುವ, ಹೊತ್ತು ದಿನಕ್ಕೆ ಮುಕ್ಕಾಲು ತಾಸು ಮುಂದೆ ಸರಿಯುತ್ತದೆ, ವಾರ ಕಳೆದರೆ ಇಳಿಯುತ್ತಿದ್ದ ಹೊತ್ತಿಗೇ ನೀರು ಏರುತ್ತದೆ, ಇದು ಅವಳಿಗೆ ಗೊತ್ತಿರಲಿಲ್ಲ. ಅಪ್ಪನನ್ನು ಕೇಳಿದ್ದರೆ ಅರ್ಧ ನಿಮಿಷದಲ್ಲಿ ಹೇಳುತ್ತಿದ್ದ. ಕೇಳುವುದೆಂತು? ಸಮುದ್ರದಾಕಿಯ ಮಾನ ಏನಾಗಬೇಕು!

ಆ ಭಾನುವಾರ ಮಧ್ಯಾಹ್ನ ಕಾಡಿನ ಗೇಟಿನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದ ಗಂಗೂಬಾಯಿ ಮರಾಠಿಯಲ್ಲಿ, “ದಿಬ್ಬಕ್ಕೆ ಹೋಗೋರು ನಾಲ್ಕೂವರೆ ಒಳಗೆ ವಾಪಸು ಬರ್ರಿ” ಎಂದಳು.

“ಮಲಾ ಮಾಹೀತ ಆಹೇ” ಎಂದಳು ಹರಿಣಾಕ್ಷಿ. ನನಗೆ ಗೊತ್ತಿದೆ! ಅತ್ತೆಯತ್ತ ತಿರುಗಿ, “ಎಲ್ಲಾರಿಗೂ ಹೆದರಸ್ತಾರ್ರಿ ಇವರು. ಏಳರ ತನಕ ನೀರಿಲ್ಲ.”

“ನೀ ಹೇಳಿದಿ ಅಂದ್ರ ಆತು” ಎಂದಳು ಕಲ್ಲವ್ವ.

ಶಿವಪ್ರಕಾಶ ಉಳಿದವರ ಜೊತೆ ದಂಡೆಯ ಒಡ್ಡಿನ ದಾರಿ ಹಿಡಿದ. ಅತ್ತೆ ಸೊಸೆ ಇಬ್ಬರೇ ಮರಳಿಗೆ ಇಳಿದರು. ಕಲ್ಲವ್ವನಿಗೆ ಕೆಲಸವಿತ್ತು: ನದಿ ಕಡಲು ಕೂಡುವಲ್ಲಿ ನೀರಿನ ದೇವಿ ಗಂಗವ್ವನಿಗೆ ಉಡಿ ತುಂಬಬೇಕು. ಕುಪ್ಪಸದ ಕಣ, ತೆಂಗಿನಕಾಯಿ, ಹಸಿರು ಬಳೆ, ಅರಿಷಿಣ ಕುಂಕುಮ ಎಲ್ಲ ಚೀಲದಲ್ಲಿ. ಮೊಣಕಾಲು ನೋವಿನ ಎಪ್ಪತ್ತರ ಮುದುಕಿ ಕಾಲು ಊರಿ ಊರಿ ನಡೆದಳು. ಅರ್ಧ ತಾಸಿನಲ್ಲಿ ದಿಬ್ಬ ಸಿಕ್ಕಿತು. ಅಲ್ಲಿ ನಾಲ್ಕು ಬಕಪಕ್ಷಿ, ಒಂದು ಮುರಿದ ದೋಣಿ, ಸುತ್ತ ಬೆಳಕು. ಚೆಂದ ಅಂದರೆ ಚೆಂದ.

ಕಲ್ಲವ್ವ ಉಡಿ ತುಂಬಲು ಕೂತಳು. ಆಕೆಯ ಪೂಜೆ ಗೊತ್ತಲ್ಲ, ಅಷ್ಟು ಸುಲಭಕ್ಕೆ ಮುಗಿಯುವುದಲ್ಲ. ಮನೆಯ ಒಬ್ಬೊಬ್ಬರ ಹೆಸರು ಹೇಳಬೇಕು, ಒಬ್ಬೊಬ್ಬರಿಗೂ ಒಂದೊಂದು ಬೇಡಬೇಕು. ಹರಿಣಾಕ್ಷಿ ಸುಮ್ಮನೆ ಹಿಂದೆ ತಿರುಗಿ ನೋಡಿದಳು.

ಬಂದ ದಾರಿಯ ನಡುವೆ ನೀರು ಮಿಂಚುತ್ತಿತ್ತು.

ಒದ್ದೆ ಮರಳಿರಬೇಕು ಅಂದುಕೊಂಡಳು. ಮತ್ತೆ ನೋಡಿದಳು. ಒದ್ದೆ ಮರಳಲ್ಲ. ಎಡಗಡೆಯಿಂದ ಸದ್ದಿಲ್ಲದೆ ಒಂದು ನಾಲಗೆ ಬಂದಿತ್ತು, ಬಲಗಡೆಯಿಂದ ಇನ್ನೊಂದು. ಗಡಿಯಾರದಲ್ಲಿ ನಾಲ್ಕು ಮೂವತ್ತೈದು. ಚೀಟಿ ತೆಗೆದಳು. ಮೇಲೆ ಅವಳದೇ ಅಕ್ಷರದಲ್ಲಿ ತಾರೀಕಿತ್ತು, ಹೋದ ಭಾನುವಾರದ್ದು.

ಆಗಲೇ ಹೇಳಬೇಕಿತ್ತು. ಹೇಳಲಿಲ್ಲ! ಗಂಡನಿಗೆ ಮಾಡಲು ಫೋನು ತೆಗೆದಳು, ಏನಂತ ಹೇಳುವುದು ಅಂತ ಒಳಗಿಟ್ಟಳು. ಒಂದು ಅಲೆ ಸುಮ್ಮನೆ ಹೀಗೆ ಬಂದಿರಬಹುದು, ಹಿಂದೆ ಹೋಗಬಹುದು ಅಂತ ತನಗೆ ತಾನೇ ಹೇಳಿಕೊಂಡಳು. ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ಎರಡು ನಾಲಗೆ ಕೂಡಿದವು, ದಾರಿಗೆ ನೆಟ್ಟ ಗೂಟಗಳ ಬುಡ ಕಾಣದಾಯಿತು. ಕಲ್ಲವ್ವ ಇನ್ನೂ ಬಳೆಗೆ ಕುಂಕುಮ ಹಚ್ಚುತ್ತಿದ್ದಳು, ನೀರಿನ ಕಡೆ ಒಮ್ಮೆ ಕತ್ತೆತ್ತಿ ನೋಡಿದವಳು ಮತ್ತೆ ತಲೆ ತಗ್ಗಿಸಿದಳು.

“ಅತ್ತೀ, ಏಳ್ರಿ” ಎಂದಳು ಹರಿಣಾಕ್ಷಿ. “ನಾ ತಪ್ಪು ನೋಡೀನಿ. ಇದು ಹ್ವಾದ ವಾರದ ಹೊತ್ತು. ನೀರು ಬರಾಕತ್ತದ. ನನಗ ಸಮುದ್ರ ಗೊತ್ತಿಲ್ರಿ ಅತ್ತೀ, ಏನಂದ್ರ ಏನೂ ಗೊತ್ತಿಲ್ಲ.”

ಕಲ್ಲವ್ವ ಬೈಯಲಿಲ್ಲ. ಉಡಿಯನ್ನು ನೀರಿಗೆ ಬಿಟ್ಟು, ಕಚ್ಚೆ ಬಿಗಿದು, ಸೊಸೆಯ ಮುಂಗೈ ಹಿಡಿದಳು. “ನಡಿ.”

ಮೊದಲು ಮೊಣಕಾಲು, ಹತ್ತು ಹೆಜ್ಜೆಗೆ ತೊಡೆ. ನೀರು ಒಂದೇ ಸಮ ಎಡಕ್ಕೆ ನೂಕುತ್ತಿತ್ತು, ಕಾಲಡಿಯ ಮರಳು ಸರಿಯುತ್ತಿತ್ತು. ನೀರು ಸೊಂಟಕ್ಕೆ ಬಂದಾಗ ಹರಿಣಾಕ್ಷಿಗೆ ಉಸಿರು ಸಿಗಲಿಲ್ಲ. ನಾಲ್ಕೂವರೆಯಾದರೂ ಇವರು ಬಾರದ್ದು ಕಂಡು ಹುಡುಕಿ ಬಂದ ಗಂಗೂಬಾಯಿ ನೀರಿನಾಚೆಯಿಂದ ಕೈ ಬೀಸಿ ಕೂಗುತ್ತಿದ್ದಳು, “ಉಜವೀಕಡೂನ್! ಉಜವೀಕಡೂನ್ ಯಾ!” ಬಲಗಡೆಯಿಂದ ಬರ್ರಿ! ಹರಿಣಾಕ್ಷಿ ಬಲಕ್ಕೆ ತಿರುಗಿದಳು. ತಿರುಗುವಾಗಲೇ ಅತ್ತೆಯ ಕಾಲು ಕುಸಿಯಿತು.

ತಲೆ ಒಳಗೆ ಹೋಯಿತು. ಬಿಳಿ ಕೂದಲು ನೀರಿನ ಮೇಲೆ ಹರಡಿ ಮಾಯವಾಯಿತು. ಮುಂಗೈ ಜಾರಿ ಬರಿಯ ಸೆರಗು ಕೈಯಲ್ಲುಳಿಯಿತು. ಬಿಟ್ಟರೆ ಇವಳು ಉಳಿದಾಳು, ಹಿಡಿದರೆ ಇಬ್ಬರೂ ಹೋಗಬಹುದು. ಅಷ್ಟೆಲ್ಲ ಯೋಚಿಸುವ ವ್ಯವಧಾನ ಯಾರಿಗಿತ್ತು? ಸೆರಗನ್ನು ಕೈಗೆ ಎರಡು ಸುತ್ತು ಸುತ್ತಿ, “ಅವ್ವಾ!” ಅಂತ ಚೀರಿ ಎಳೆದಳು. ಉಪ್ಪು ನೀರು ಬಾಯಿ ತುಂಬಿತು. ಇನ್ನೊಮ್ಮೆ ಎಳೆದಳು. ಅತ್ತೆಯ ಭುಜ ಸಿಕ್ಕಿತು. ಅಷ್ಟರಲ್ಲಿ ಸೀರೆ ಎತ್ತಿ ಕಟ್ಟಿಕೊಂಡು ನೀರಿಗಿಳಿದಿದ್ದ ಗಂಗೂಬಾಯಿಯ ಗಟ್ಟಿ ಕೈ ಇಬ್ಬರನ್ನೂ ಬಲಗಡೆಯ ದಿಣ್ಣೆಗೆ ಹತ್ತಿಸಿತು.

ದಂಡೆಯಲ್ಲಿ ಕಲ್ಲವ್ವ ನೀರು ಕಾರಿದಳು, ಕೆಮ್ಮಿದಳು, ಬದುಕಿದಳು. ಒಡ್ಡಿನ ಮೇಲಿಂದ ಓಡಿ ಬಂದ ಶಿವಪ್ರಕಾಶನ ಮುಖ ಸುಣ್ಣದಂತಾಗಿತ್ತು. “ನಾಲ್ಕೂವರೆ ಅಂತ ಹೇಳಿದ್ರೂ ಅಲ್ಲೇ ಕುಂದ್ರಾಕ ಯಾರ ಹೇಳಿದ್ರು ನಿಮಗ? ಯಾರು?”

“ನಾನ” ಎಂದಳು ಹರಿಣಾಕ್ಷಿ, ಗುಂಪಿನವರೆಲ್ಲರ ಎದುರು. “ಗೊತ್ತಿಲ್ಲದ ಗೊತ್ತದ ಅಂದೆ. ತಪ್ಪು ನಂದು.”

ಗಂಗೂಬಾಯಿ ಒಣ ಚಾದರ ತಂದು ಹೊದಿಸಿ, ಎಲ್ಲರನ್ನೂ ದೂರ ಕಳಿಸಿ ಚಹಾ ಕಾಯಿಸಲು ಹೋದಳು. ಅತ್ತೆ ಸೊಸೆ ಒಂದೇ ಚಾದರದೊಳಗೆ ನಡುಗುತ್ತ ಕೂತರು.

“ಬೈರಿ ಅತ್ತೀ” ಎಂದಳು ಹರಿಣಾಕ್ಷಿ. “ಏನರೆ ಅನ್ರಿ. ಸುಮ್ಮ ಕುಂದ್ರಬ್ಯಾಡ್ರಿ.”

ಕಲ್ಲವ್ವ ಚಾದರದೊಳಗೇ ಸೊಸೆಯ ಮುಂಗೈ ಹಿಡಿದಳು. “ನಾ ಭೀಮಾ ನದಿ ದಂಡಿ ಮ್ಯಾಲ ಹುಟ್ಟಿದಾಕಿ. ನೀರು ಏರಾಕತ್ತಿದ್ದು ನಿನಕಿಂತ ಮೊದಲ ನೋಡಿದ್ದೆ, ಹರಿಣಿ.”

ಹರಿಣಾಕ್ಷಿ ಅತ್ತೆಯತ್ತ ತಿರುಗಿದಳು. “ಮತ್ತ... ಯಾಕ ಹೇಳಲಿಲ್ರಿ?”

“ಹದಿನಾರು ವರ್ಷ ನೀ ಆಡಿದ ಒಂದೊಂದು ಮಾತಿಗೂ ಅಡ್ಡ ಬಾಯಿ ಹಾಕೀನಿ” ಎಂದಳು ಕಲ್ಲವ್ವ. “ಇದೊಂದರಾಗ ಬ್ಯಾಡ, ಇದು ಆಕಿ ನೀರು, ಆಕಿ ಮಾತು ನಂಬೂಣು ಅಂತ ಕುಂತೆ.”

ಹರಿಣಾಕ್ಷಿ ಚಾದರದ ಅಂಚು ಬಾಯಿಗೊತ್ತಿಕೊಂಡು ಅತ್ತಳು. ಅಳು ನಿಲ್ಲಲಿಲ್ಲ. ಮುದುಕಿ ಅವಳನ್ನು ಸುಮ್ಮನಿರು ಅನ್ನಲೂ ಇಲ್ಲ, ಹಿಡಿದ ಮುಂಗೈ ಬಿಡಲೂ ಇಲ್ಲ.