ಕಲ್ಲುಬಾವಿ ಕೇರಿಯ ಬೋರ್ಡು

"ಏ ಮುದುಕಿ, ಸೆರಗು ಹಿಂದಕ್ಕ ಸರಿಸು. ಫೋಟೋದಾಗ ನಿಮ್ಮ ಮಾರಿ ಕಾಣದಿದ್ರ ನನ್ನ ಬಿಲ್ಲು ಪಾಸಾಗಂಗಿಲ್ಲ."

ಗುತ್ತಿಗೆದಾರ ಹೀಗೆ ಗದರಿದ್ದೇ ತಡ, ಗೋಪಮ್ಮ ಸೆರಗನ್ನು ಇನ್ನಷ್ಟು ಮುಂದಕ್ಕೆಳೆದುಕೊಂಡಳು. ಇಪ್ಪತ್ತೆರಡು ವರ್ಷ ರಾಯಚೂರಿನ ಬಿಲ್ಡಿಂಗುಗಳಿಗೆ ಕಾಂಕ್ರೀಟು ಹೊತ್ತ ಹೆಂಗಸು. ಇಷ್ಟು ದಿನ ಈ ಊರಿನ ಧಣಿಗಳು ಅವಳ ರಟ್ಟೆಯನ್ನಷ್ಟೇ ಕೇಳಿದ್ದರು, ಮುಖವನ್ನು ಯಾರೂ ಕೇಳಿರಲಿಲ್ಲ. ಹೀಗಾಗಿ ಬೆಳಿಗ್ಗೆ ಕೇರಿಯ ಮುಂದೆ ಎರಡು ಆಟೋ ಬಂದು ನಿಂತಾಗಲೇ ಅವಳಿಗೆ ಗುಮಾನಿ ಹತ್ತಿತ್ತು.

ಆಟೋ ತಂದವನು ಹುಲಿಗೇಶ. ಅದೇ ಕೇರಿಯವನು, ಈಗ ಗುತ್ತಿಗೆದಾರನ ಬಳಿ ಮೇಸ್ತ್ರಿ. ನಮ್ಮ ಕೇರಿಗೆ ಮಳೆನೀರಿನ ಚರಂಡಿ ಆಗಿದೆ, ಫೋಟೋಗೆ ಬನ್ನಿ ಎಂದು ಮನೆಮನೆ ಕರೆದ. ಎಲ್ಲಿ ಆಗಿದೆಯಪ್ಪಾ ಎಂದರೆ ಬೀಡಿ ಹಚ್ಚಿಕೊಂಡು ಅತ್ತ ತಿರುಗಿದ. ಹೋದ ಮಳೆಗಾಲ ಮೊಣಕಾಲುಮಟ ನೀರು ನುಗ್ಗಿ ಗೋಪಮ್ಮನ ಜೋಳದ ಚೀಲ ಕೊಳೆತುಹೋಗಿತ್ತು. ಪಕ್ಕದ ಮನೆಯ ದಾವಲ್ ಬೀ ಮೂರು ದಿನ ಮಂಚದ ಮೇಲೆ ಸ್ಟೋವಿಟ್ಟು ಅಡಿಗೆ ಮಾಡಿದ್ದಳು. ಆ ದಾವಲ್ ಬೀ ತಾನೂ ಬರುತ್ತೇನೆಂದು ಆಟೋ ಹತ್ತಲು ಹೋದರೆ ಹುಲಿಗೇಶ ಬೇಡವೆಂದ. ಎಸ್ಸಿಗಳಷ್ಟೇ ಬೇಕಂತೆ. ನೀರಿಗೆ ಇಲ್ಲದ ಜಾತಿ ಫೋಟೋಗೆ ಯಾಕೆ ಬಂತು ಎಂದು ಗೋಪಮ್ಮ ದಾರಿಯುದ್ದಕ್ಕೂ ತಲೆ ಕೆಡಿಸಿಕೊಂಡಳು.

ಆಟೋಗಳು ಬಂದು ನಿಂತದ್ದು ಮಾಣಿಕ್ಯ ಬಡಾವಣೆಯಲ್ಲಿ. ಕೇರಿಗೂ ಅದಕ್ಕೂ ನಡುವೆ ಇರುವುದು ಒಂದೇ ಗೋಡೆ, ಆದರೆ ಸುತ್ತಿ ಬರಲು ಒಂದು ಮೈಲಿ. ಎರಡಂತಸ್ತಿನ ಮನೆಗಳು, ಅವುಗಳ ಮುಂದೆ ಹೊಸ ಚರಂಡಿ, ಪಕ್ಕದಲ್ಲಿ ನೀಲಿ ಬೋರ್ಡು. ಕಟ್ಟೆಯ ಮೇಲೆ ಕುಳಿತ ಗೋಪಮ್ಮನ ಮಂದಿಯನ್ನು ಕಂಡು ಗೇಟಿನೊಳಗಿನ ಹೆಂಗಸೊಬ್ಬಳು, ಇವರನ್ನು ಅಲ್ಲಿಂದ ಎಬ್ಬಿಸಿರೆಂದು ಕೂಗಿದಳು. ಗುತ್ತಿಗೆದಾರ ನಾಯಿಗಳನ್ನು ಓಡಿಸುವಂತೆ ಕೈ ಬೀಸಿದ.

ಗೋಪಮ್ಮ ಬೋರ್ಡು ಓದೆಂದು ಜೊತೆಗೆ ಬಂದಿದ್ದ ಮಗಳು ಸಂಘಮಿತ್ರಾಳಿಗೆ ಹೇಳಿದಳು. ಅಂಗನವಾಡಿ ಟೀಚರಾದ ಅವಳು ಗಟ್ಟಿಯಾಗಿ ಓದಿದಳು: ಪರಿಶಿಷ್ಟ ಜಾತಿ ನಿಧಿಯಿಂದ ಕಲ್ಲುಬಾವಿ ಕೇರಿಯ ಮಳೆನೀರು ಚರಂಡಿ ಕಾಮಗಾರಿ.

"ಇದು ನಮ್ಮ ಕೇರಿ ಏನ್ರೀ, ಸಾಹೇಬ್ರ?" ಎಂದು ಗೋಪಮ್ಮ ಕೇಳಿದಳು.

ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಕುಳಿತಿದ್ದ ಸರಕಾರಿ ಎಂಜಿನಿಯರು ಫೋನಿನಿಂದ ತಲೆ ಎತ್ತಲಿಲ್ಲ. ಚರಂಡಿ ಕರ ಕಟ್ಟಿರೆಂದರೆ ಬಡಾವಣೆಯವರು ಒಪ್ಪಲಿಲ್ಲವಂತೆ. ಕೇರಿಯ ಹೆಸರಿನ ನಿಧಿ ಖರ್ಚಾಗದೆ ಬಿದ್ದಿತ್ತಂತೆ, ಬಿಟ್ಟರೆ ವಾಪಸು ಹೋಗುತ್ತಿತ್ತಂತೆ. ಚರಂಡಿ ಎಲ್ಲಾದರೇನು, ಊರಿಗೇ ಒಳ್ಳೆಯದಲ್ಲವೇ ಎಂದ.

ಎದುರಿಗೆ ಡ್ರೈವರೊಬ್ಬ ಕಾರು ತೊಳೆಯುತ್ತಿದ್ದ. ಸೋಪಿನ ನೀರು ಚರಂಡಿಗಿಳಿದು ಸರಸರ ಹರಿಯಿತು. ಗೋಪಮ್ಮ ಅದರ ಜೊತೆಗೇ ನಡೆದಳು. ನೀರು ಗೋಡೆಯ ಬುಡದಲ್ಲಿ ಹೊಸದಾಗಿ ಕೊರೆದ ತೂತಿನೊಳಗೆ ಹೋಯಿತು. ಗೋಡೆಯ ಆಚೆ ಅವಳ ಮನೆ, ದಾವಲ್ ಬೀಯ ಮನೆ.

"ಹುಲಿಗ್ಯಾ, ನೀರು ನಮ್ಮ ಕಡಿ ಇಳಿಯೂಹಂಗ ಈ ವಾಟ ಇಟ್ಟಾಂವ ನೀನಾ ಏನು?"

"ನಾ ಕೂಲ್ಯಾಂವ, ಚಿಗವ್ವ. ಹೆಂಗ ಇಡು ಅಂದ್ರೋ ಹಂಗ ಇಟ್ಟೀನಿ."

"ನಿನ್ನ ಹಡದವ್ವ ಅದಾ ನೀರಾಗ ಮಕ್ಕೊಂತಾಳಲ್ಲೋ, ಬಾಡ್ಯಾ."

ಗೋಪಮ್ಮ ಬೋರ್ಡಿನ ಬಳಿಗೆ ಹೋಗಿ ಬುಡದ ಕಾಂಕ್ರೀಟನ್ನು ಹೆಬ್ಬೆರಳಿನಿಂದ ಉಜ್ಜಿದಳು. ಬರೀ ಮರಳು ಉದುರಿತು. ಸಿಮೆಂಟು ತಿಂದಿದ್ದಾರೆ, ಗಟ್ಟಿಯಾಗಲೆಂದು ಒಂದು ದಿನವೂ ನೀರುಣಿಸಿಲ್ಲ. ಅವಳು ಕಂಬವನ್ನು ತಬ್ಬಿಹಿಡಿದು ನಾಲ್ಕು ಸಲ ಅಲುಗಿಸಿದಳು. ಅದು ಬುಡಸಮೇತ ಕಿತ್ತುಬಂತು.

"ಲೇ ಬೋಸುಡಿ, ಸರಕಾರದ ಬೋರ್ಡು ಅದು," ಎಂದು ಗುತ್ತಿಗೆದಾರ ಓಡಿಬಂದ.

"ನಮ್ಮ ಹೆಸರು ಬರದೀರಿ. ನಮ್ಮ ಮನಿಗೆ ಒಯ್ಯಾಕತ್ತೀನಿ."

ಅವಳು ಸೆರಗನ್ನು ಸಿಂಬಿ ಸುತ್ತಿ ಬೋರ್ಡನ್ನು ತಲೆಯ ಮೇಲಿಟ್ಟುಕೊಂಡಳು. ಇನ್ನೊಂದು ತುದಿಗೆ ಸಂಘಮಿತ್ರಾ ಹೆಗಲು ಕೊಟ್ಟಳು. ಬಂದವರೆಲ್ಲ ಆಟೋ ಬಿಟ್ಟು ಹಿಂದೆ ನಡೆದರು. ಬೋರ್ಡಿಲ್ಲದೆ ಫೋಟೋ ಇಲ್ಲ, ಫೋಟೋ ಇಲ್ಲದೆ ಬಿಲ್ಲಿಲ್ಲ. ಹೀಗಾಗಿ ಎಂಜಿನಿಯರ ಜೀಪೂ ಆ ಒಂದು ಮೈಲಿ ಅವರ ಹಿಂದೆಯೇ ತೆವಳಿತು.

ದಾವಲ್ ಬೀಯ ಬಾಗಿಲ ಮುಂದೆ ಕಪ್ಪು ನೀರು ಮಡುಗಟ್ಟಿತ್ತು. ಗೋಪಮ್ಮ ಬೋರ್ಡನ್ನು ಅದರ ನಡುವೆಯೇ ನೆಟ್ಟು ಬುಡಕ್ಕೆ ಕಲ್ಲು ಕೊಟ್ಟಳು. ದಾವಲ್ ಬೀಯ ಕೈ ಹಿಡಿದೆಳೆದು ಪಕ್ಕಕ್ಕೆ ನಿಲ್ಲಿಸಿಕೊಂಡಳು. ಆಮೇಲೆ ತಲೆಯ ಮೇಲಿನ ಸಿಂಬಿ ಬಿಚ್ಚಿ, ಸೆರಗನ್ನು ಹೆಗಲಿಗೆ ಹಾಕಿ, ಮುಖ ಎತ್ತಿದಳು.

"ಈಗ ಮಾರಿ ಕಾಣತದಲ್ರಿ. ತಗೀರಿ ಫೋಟೋ."

ಜೀಪಿನಿಂದಿಳಿದ ಎಂಜಿನಿಯರು ಬೋರ್ಡನ್ನೂ ಕಪ್ಪು ನೀರನ್ನೂ ನೋಡಿ, ಫೋನನ್ನು ಜೇಬಿನಿಂದ ಹೊರಗೆ ತೆಗೆಯಲಿಲ್ಲ. ಗೋಡೆಯ ಆಚೆ ಇನ್ನೊಂದು ಕಾರು ತೊಳೆಯತೊಡಗಿದ್ದರು. ತೂತಿನಿಂದ ನೊರೆನೊರೆಯಾಗಿ ನೀರು ಇಳಿದುಬಂದು ಅವನ ಬೂಟಿನ ಸುತ್ತ ನಿಂತಿತು.